ಮಳೆ ಬಿತ್ತು, ಬಿತ್ತು

ಕನ್ನಡದಲ್ಲಿ ಮಳೆ ಒಂಟಿಯಾಗಿ ಬರುವ ಪೈಕಿಯಲ್ಲ. ಜೊತೆಗೊಂದು ಕ್ರಿಯಾಪದವನ್ನು ಕರೆದುಕೊಂಡೇ ಬರುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಕರಾವಳಿಯಲ್ಲಿ ಧೋ ಎಂದು ಸುರಿಯುತ್ತದೆ. ಬೆಂಗಳೂರಿನಲ್ಲಿ ಕಚೇರಿ ಬಿಡುವ ಹೊತ್ತು ನೋಡಿಕೊಂಡು ಹೊಡೆಯುತ್ತದೆ. ನಮ್ಮ ಹಿರಿಯೂರು ಸೀಮೆಯಲ್ಲಿ, ಅದರಲ್ಲೂ ಬಬ್ಬೂರಿನ ಆಸುಪಾಸಿನಲ್ಲಿ, ಮಳೆಗೆ ಅಷ್ಟೊಂದು ಪುರಸೊತ್ತಿಲ್ಲ. ಇಲ್ಲಿ ಮೋಡ ಕಟ್ಟುತ್ತದೆ, ಗುಡುಗುತ್ತದೆ, ಚದುರುತ್ತದೆ. ಮನಸ್ಸಾದರೆ ನಾಲ್ಕು ಹನಿ ಉದುರಿಸಿ ಮುಂದಕ್ಕೆ ಹೋಗುತ್ತದೆ. "ಮಳೆ ಎಲ್ಲಿಗೋಯ್ತು ತಾತ?" ಎಂದು ಕೇಳಿದರೆ ಜಗಲಿಯ ಮೇಲೆ ಕೂತ ಹಿರಿಯರು ಮೂಡಲಿಗೆ ಕೈ ತೋರಿಸಿ, "ಆಂಧ್ರದ ಕಡೀಕೆ" ಎನ್ನುತ್ತಾರೆ. ಆಂಧ್ರದವರನ್ನು ಕೇಳಿದರೆ ಅವರು ಇನ್ನೂ ಮೂಡಲಿಗೆ ಕೈ ತೋರಿಸುತ್ತಾರೋ ಏನೋ.

ಈ ಹೋಯ್ತು ಎಂಬುದರ ಪಕ್ಕದಲ್ಲೇ ಹೊಯ್ತು ಎಂಬ ಇನ್ನೊಂದು ಮಾತು ಕೂತಿದೆ. ಮಳೆ ಹೊಯ್ತು ಎಂದರೆ ಚೆನ್ನಾಗಿ ಸುರಿಯಿತು, ಕೆರೆಗೆ ನೀರು ಬಂತು, ಊರಿಗೆ ಹಬ್ಬ. ಮಳೆ ಹೋಯ್ತು ಎಂದರೆ ಈ ವರ್ಷದ ಕಥೆ ಮುಗಿಯಿತು, ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತು. ಮೊದಲನೆಯದು ಹಳಗನ್ನಡದ ಪೊಯ್, ಎರಡನೆಯದು ಪೋಗು. ಪಕಾರ ಹೋಗಿ ಹಕಾರ ಬಂದಾಗ ಎರಡೂ ಒಟ್ಟಿಗೇ ವೇಷ ಬದಲಿಸಿದವು. ಹ್ರಸ್ವ ಹ್ರಸ್ವವಾಗಿಯೇ, ದೀರ್ಘ ದೀರ್ಘವಾಗಿಯೇ ಉಳಿಯಿತು. ಇಷ್ಟು ಶತಮಾನ ಕಳೆದ ಮೇಲೂ ಸುಭಿಕ್ಷಕ್ಕೂ ಬರಗಾಲಕ್ಕೂ ನಡುವೆ ಇರುವುದು ಒಂದೇ ಒಂದು ಮಾತ್ರೆ. ಹೊಲದ ಬದುವಿನಲ್ಲಿ ನಿಂತು ಕೂಗಿ ಹೇಳುವಾಗ ಗಾಳಿ ಆ ಮಾತ್ರೆಯನ್ನು ಹೆಚ್ಚುಕಮ್ಮಿ ಮಾಡಿದರೆ ಕೇಳಿಸಿಕೊಂಡವನ ಎದೆ ಧಸಕ್ಕೆನ್ನಬೇಕು. ಅದಕ್ಕೇ ಇರಬೇಕು, ನಮ್ಮ ಕಡೆಯವರು ಈ ಎರಡರ ಸಹವಾಸವೂ ಬೇಡವೆಂದು ಮೂರನೆಯದೊಂದನ್ನು ಹಿಡಿದುಕೊಂಡಿದ್ದಾರೆ. ಮಳೆ ಬಿತ್ತು.

ಹಾಗೆಂದು ಗೊಂದಲ ತಪ್ಪಿತೇ? ಇನ್ನೂ ದೊಡ್ಡದಕ್ಕೆ ಬಿದ್ದರು. ನನ್ನ ಸೋದರಮಾವನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮೇ ತಿಂಗಳು ಹುಟ್ಟಿತೆಂದರೆ ಅವನಿಗೆ ಊರಿನ ಮೋಡದ ಚಿಂತೆ. ಫೋನು ಮಾಡುತ್ತಾನೆ. ಮಾವ ಸ್ಪೀಕರ್ ಹಾಕಿ ಮಾತಾಡುವುದರಿಂದ ಮನೆಯವರೆಲ್ಲರಿಗೂ ಕೇಳುತ್ತದೆ.

"ಅಪ್ಪಾ, ಮಳೆ ಬಿತ್ತಾ?"

"ಬಿತ್ತು."

"ಬಿತ್ತಿದ್ಯಾ?"

"ಇನ್ನೂ ಬಿತ್ತಿಲ್ಲ."

"ಮತ್ತೆ ಬಿತ್ತು ಅಂದೆ?"

"ಬಿತ್ತು ಅಂದ್ರೆ ಬಿತ್ತು ಕಣೋ. ಬಿತ್ತೋವಷ್ಟು ಬಿದ್ದಿಲ್ಲ."

ಪರಭಾಷೆಯವನೊಬ್ಬ ಇದನ್ನು ಕೇಳಿಸಿಕೊಂಡರೆ ಅಪ್ಪ ಮಗ ಇಬ್ಬರೂ ಒಂದೇ ಮಾತನ್ನು ಹಿಂದೆ ಮುಂದೆ ತಿರುಗಿಸಿ ಜಗಳವಾಡುತ್ತಿದ್ದಾರೆ ಎಂದುಕೊಂಡಾನು. ಇಲ್ಲಿ ಇರುವುದು ಎರಡು ಧಾತು. ಒಂದು ಬೀಳು, ಅದರ ಭೂತಕಾಲ, ಅದು ಇದು ಎನ್ನುವ ನಪುಂಸಕಕ್ಕೆ, ಬಿತ್ತು. ಇನ್ನೊಂದು ಬಿತ್ತು ಎಂಬ ಧಾತುವೇ, ಬೀಜ ಬಿತ್ತುವುದು. ಒಂದರ ಮುಗಿದ ರೂಪ ಇನ್ನೊಂದರ ಮೂಲರೂಪಕ್ಕೆ ಅಚ್ಚೊತ್ತಿದಂತೆ ಹೊಂದಿಕೊಂಡಿದೆ. ಮೊದಲನೆಯದು ಆಕಾಶದಲ್ಲಿ ಆಗಿಹೋದ ಸಮಾಚಾರ, ಎರಡನೆಯದು ನೆಲದ ಮೇಲಿನ ಮನುಷ್ಯನಿಗೆ ಕೊಟ್ಟ ಅಪ್ಪಣೆ. ಮಳೆ ಬಿತ್ತು, ಬಿತ್ತು! ಇನ್ನು 'ಬೀಜ ಬಿತ್ತು' ಎಂದು ಒಂದು ಚೀಟಿಯಲ್ಲಿ ಬರೆದಿಟ್ಟು ಹೋದರೆ, ಬೀಜ ಎಲ್ಲೋ ಬಿದ್ದುಹೋಯಿತೆಂದು ದುಃಖಪಡಬೇಕೋ, ಕೂರಿಗೆ ಹೂಡಬೇಕೋ, ಓದಿದವನೇ ತೀರ್ಮಾನಿಸಬೇಕು.

ಇವೆರಡೂ ಹುಟ್ಟಾ ಒಂದೇ ಮನೆಯವೇ ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ಬಿತ್ತುವುದೆಂದರೆ ಬೀಜ ನೆಲಕ್ಕೆ ಬೀಳುವುದೇ ತಾನೇ? ಆದರೆ ಹಳೆಯ ಕಾಗದಪತ್ರ ತೆಗೆದು ನೋಡಿದರೆ ಗೋತ್ರ ಬೇರೆ ಬೇರೆ. ಬೀಳು ಎಂಬುದರ ಹಳೆಯ ರೂಪ ಬೀೞ್. ಈ ೞ ಎಂಬ ಅಕ್ಷರ ಈಗ ನಮ್ಮ ವರ್ಣಮಾಲೆಯಲ್ಲಿಲ್ಲ. ತಮಿಳರೂ ಮಲಯಾಳಿಗಳೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞಕಾರವಿರುವ ಮಾತುಗಳ ಪಟ್ಟಿಯನ್ನೇ ಕೊಡುತ್ತಾನೆ. ಪಟ್ಟಿ ಕೊಡಬೇಕಾಗಿ ಬಂತೆಂದರೆ ಆಗಲೇ ಜನ ಎಲ್ಲಿ ೞ, ಎಲ್ಲಿ ಳ ಎಂದು ತಡವರಿಸುತ್ತಿದ್ದರು ಎಂದೇ ಅರ್ಥ. ಬೀೞ್ ಎಂಬುದು ಭೂತಕ್ಕೆ ಹೋಗುವಾಗ ಬಿೞ್ದು ಆಯಿತು, ೞ ಸವೆದು ಬಿರ್ದು ಆಯಿತು, ಆ ರೇಫವೂ ಕರಗಿ ಬಿದ್ದು ಆಯಿತು. ಏೞ್ ಎಂಬುದು ಎದ್ದು ಆದದ್ದೂ, ಕೞ್ತೆ ಎಂಬ ಪ್ರಾಣಿ ಕತ್ತೆಯಾದದ್ದೂ ಇದೇ ದಾರಿಯಲ್ಲಿ. ಬಿತ್ತು ಎಂಬ ಇನ್ನೊಂದರ ಮೂಲದಲ್ಲಿ ಈ ೞಕಾರದ ಸುಳಿವೇ ಇಲ್ಲ. ತಮಿಳಿನಲ್ಲಿ ವಿತ್ತು, ತೆಲುಗಿನಲ್ಲಿ ವಿತ್ತು, ತುಳುವಿನಲ್ಲಿ ಬಿತ್ತ್. ಎಲ್ಲೆಡೆ ಬೀಜಕ್ಕೋ ಬಿತ್ತನೆಗೋ ಸಂಬಂಧಿಸಿದ್ದು. ತೆಲುಗರ ವಿತ್ತನಂ ನಮ್ಮ ಹಿರಿಯೂರಿನ ಬೀಜದಂಗಡಿಗಳಲ್ಲೂ ಕಿವಿಗೆ ಬೀಳುತ್ತದೆ, ಗಡಿ ಅಷ್ಟು ಹತ್ತಿರ. ತಮಿಳರ ವಕಾರ ನಮ್ಮಲ್ಲಿ ಬಕಾರವಾಗುವುದು ಹೊಸ ಸಂಗತಿಯಲ್ಲ: ಅವರ ವಾ ನಮಗೆ ಬಾ, ವಾೞೈ ನಮಗೆ ಬಾಳೆ, ವಯಲ್ ನಮಗೆ ಬಯಲು. ಹೀಗೆ ವೀೞ್ ಒಂದು ಕಡೆಯಿಂದ, ವಿತ್ತು ಇನ್ನೊಂದು ಕಡೆಯಿಂದ ನಡೆದು ಬಂದು, ಕನ್ನಡದಲ್ಲಿ ಒಂದೇ ಹೊಸ್ತಿಲಲ್ಲಿ ಎದುರುಬದುರಾಗಿವೆ. ಇದು ನಿಘಂಟುಕಾರರ ಪಾಲಿಗೆ ಆಕಸ್ಮಿಕ. ಕಿಟ್ಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲೂ ಎರಡಕ್ಕೂ ಬೇರೆ ಬೇರೆ ಜಾಗ. ಬಬ್ಬೂರಿನವರ ಪಾಲಿಗೆ ಅದು ಆಕಸ್ಮಿಕವೆಂದು ನನಗೆ ಒಪ್ಪಿಸುವುದು ಕಷ್ಟ.

ತೆಲುಗಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅವರು ಮಳೆ ಬಿತ್ತು ಎನ್ನಲು 'ವಾನ ಪಡಿಂದಿ' ಎನ್ನುತ್ತಾರೆ. ಆ ಪಡು ನಮ್ಮಲ್ಲೂ ಇದೆ. ಆದರೆ ನಾವು ಅದನ್ನು ಮಳೆಗೆ ಕೊಡದೆ ಕಷ್ಟಪಡಲು, ದುಃಖಪಡಲು, ಹೊಟ್ಟೆಕಿಚ್ಚುಪಡಲು ಇಟ್ಟುಕೊಂಡೆವು. ಸೂರ್ಯ ಬೀಳುವ ದಿಕ್ಕಿಗೆ ಪಡುವಣ ಎಂದೆವು. ಸುಖಪಡುವುದೂ ಉಂಟು, ಬಳಕೆ ಕಡಿಮೆ.

ಬಬ್ಬೂರೆಂದರೆ ಹೊರಗಿನವರಿಗೆ ಎರಡು ವಿಷಯ ನೆನಪಾಗುತ್ತವೆ. ಒಂದು, ಬಬ್ಬೂರುಕಮ್ಮೆ ಎಂಬ ಬ್ರಾಹ್ಮಣ ಪಂಗಡ. ಈ ಊರಿನ ಹೆಸರನ್ನು ಹೊತ್ತುಕೊಂಡು ಮೈಸೂರು, ಬೆಂಗಳೂರು, ಅಮೆರಿಕದವರೆಗೂ ಹೋದವರು, ಮದುವೆ ಜಾಹೀರಾತಿನಲ್ಲಿ ಊರನ್ನು ಉಳಿಸಿಕೊಂಡವರು. ಇನ್ನೊಂದು, ಬಬ್ಬೂರು ಫಾರಂ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ವಲಯ ಸಂಶೋಧನಾ ಕೇಂದ್ರ, ಅದರ ಜೊತೆಗೆ ಕೃಷಿ ವಿಜ್ಞಾನ ಕೇಂದ್ರ. ಕರ್ನಾಟಕವನ್ನು ಕೃಷಿ ಹವಾಮಾನದ ಲೆಕ್ಕದಲ್ಲಿ 10 ವಲಯಗಳಾಗಿ ಹಂಚಿದ್ದಾರೆ. ನಮ್ಮದು 4ನೆಯದು, ಮಧ್ಯ ಒಣ ವಲಯ. ಹೆಸರಿನಲ್ಲೇ ಒಣ ಎಂದು ಬರೆದುಕೊಂಡ ಮೇಲೆ ಮಳೆಯನ್ನು ಬೈದು ಪ್ರಯೋಜನವಿಲ್ಲ.

ವಿಜ್ಞಾನಿಗಳಿಗೆ ಮಳೆ ಬೀಳುವುದೆಂದರೆ ಮಿಲಿಮೀಟರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನವೊಂದಕ್ಕೆ ಕನಿಷ್ಠ 2.5 ಮಿ.ಮೀ. ಬಿದ್ದರೆ ಮಾತ್ರ ಅದು ಮಳೆ ದಿನ. ಎರಡೇ ಮಿಲಿಮೀಟರ್ ಬಿದ್ದರೆ ನೆನೆದ ಅಂಗಿ ನೆನೆದದ್ದೇ, ಆದರೆ ಇಲಾಖೆಯ ಪುಸ್ತಕದಲ್ಲಿ ಮಳೆ ದಿನವಿಲ್ಲ. ಇದನ್ನು ಓದಿದಾಗ ನನಗೆ ನಗು ಬಂತಾದರೂ ಮಾವನ ನ್ಯಾಯವೂ ಇದಕ್ಕಿಂತ ಬೇರೆಯೇನಲ್ಲ. ಅವನದು ಇನ್ನೂ ಬಿಗಿ. ಬೆಳಗ್ಗೆ ಎದ್ದು ಹೊಲಕ್ಕೆ ಹೋಗಿ ಕಾಲಿನ ಹೆಬ್ಬೆರಳಿನಿಂದ ಮೇಲ್ಮಣ್ಣು ಸರಿಸುತ್ತಾನೆ. ಕೂತು ತೋರುಬೆರಳನ್ನು ಮಣ್ಣಿಗೆ ಇಳಿಸುತ್ತಾನೆ. ಎರಡನೆಯ ಗೆಣ್ಣಿನವರೆಗೆ ತಣ್ಣಗೆ ಇಳಿಯಬೇಕು. ನಡುವೆ ಒಣಪದರ ಸಿಕ್ಕಿತೋ, "ಹಸಿ ಕೂಡಿಲ್ಲ" ಎಂದು ಎದ್ದುಬಿಡುತ್ತಾನೆ. ಮೇಲಿನ ಹೊಸ ಹಸಿ ಕೆಳಗಿನ ಹಳೆಯ ಹಸಿಯನ್ನು ಮುಟ್ಟಬೇಕು. ಆಮೇಲೆ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ ಕೈ ಬಿಚ್ಚುತ್ತಾನೆ. ಉಂಡೆಯಾಗಿ ನಿಲ್ಲಬೇಕು, ಬೆರಳಿನಿಂದ ತಾಕಿದರೆ ಪುಡಿಯಾಗಬೇಕು. ಅಂಟಿಕೊಂಡರೆ ಹದ ಮೀರಿದೆ, ನಿಲ್ಲದೆ ಉದುರಿದರೆ ಹದ ಬಂದಿಲ್ಲ. ಎರೆಹೊಲಕ್ಕೆ ಒಂದು ಹದ, ಕೆಂಪು ಮಸಾರಿಗೆ ಇನ್ನೊಂದು ಹದ. ಎರೆ ನಿಧಾನಕ್ಕೆ ಕುಡಿದು ನಿಧಾನಕ್ಕೆ ಬಿಡುತ್ತದೆ, ಮೂರು ನಾಲ್ಕು ದಿನ ಕಾಯುತ್ತದೆ. ಮಸಾರಿ ಕಾಯುವುದಿಲ್ಲ, ಈವತ್ತು ತಪ್ಪಿದರೆ ನಾಳೆ ಬಿಸಿಲು ಅದನ್ನು ತನ್ನ ಹೆಸರಿಗೆ ಮಾಡಿಕೊಂಡಿರುತ್ತದೆ.

ಈ ಹದಕ್ಕೆ ಇನ್ನೊಂದು ಹೆಸರು ಬೆದೆ. ಹೊಲ ಬೆದೆಗೆ ಬಂತು, ಬೆದೆ ಮಳೆ ಆಯಿತು ಎಂಬ ಮಾತು ಹಳಬರ ಬಾಯಲ್ಲಿದೆ. ಹಸು ಬೆದೆಗೆ ಬಂತು ಎನ್ನುವುದೂ ಇದೇ ಬೆದೆ. ನಮ್ಮ ಪಶುವೈದ್ಯರು ಈ ಎರಡನೆಯದನ್ನಷ್ಟೇ ಬಲ್ಲರು. ತಮಿಳಿನಲ್ಲಿ ಬಿತ್ತು ಎನ್ನುವುದಕ್ಕಿರುವ ವಿದೈ, ನಮ್ಮ ಬೆದೆ, ನಮ್ಮ ಬಿತ್ತು, ಎಲ್ಲವೂ ಒಂದೇ ಬೇರಿನ ಚಿಗುರು. ಮಣ್ಣಿಗೂ ಒಂದು ಋತು ಬರುತ್ತದೆ, ಆಗಷ್ಟೇ ಬೀಜಕ್ಕೆ ಅಲ್ಲಿ ಜಾಗ ಎಂದು ತಿಳಿದಿದ್ದವರು ಈ ಮಾತನ್ನು ಹೊಲಕ್ಕೂ ಹಟ್ಟಿಗೂ ಸಮನಾಗಿ ಹಂಚಿದ್ದಾರೆ. ಇದನ್ನು ಬಿಟ್ಟು ನಾವು 'ಬಿತ್ತನೆಗೆ ಸೂಕ್ತವಾದ ತೇವಾಂಶ' ಎಂದು ಕರಪತ್ರಗಳಲ್ಲಿ ಅಚ್ಚು ಹಾಕಿಸುತ್ತೇವೆ. ಬೆದೆ ಎಂದರೆ ಎರಡಕ್ಷರದಲ್ಲಿ ಮುಗಿಯುತ್ತಿತ್ತು.

ಕೂರಿಗೆಯನ್ನು ನೀವು ಕಂಡಿದ್ದೀರೋ ಇಲ್ಲವೋ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಡ್ಡಕ್ಕೆ ಒಂದು ದಪ್ಪ ಮರದ ದಿಂಡು. ಅದಕ್ಕೆ ಕೆಳಮುಖವಾಗಿ ತಾಳುಗಳು, ತುದಿಗೆ ಕಬ್ಬಿಣ. ಪ್ರತಿ ತಾಳಿನಿಂದ ಮೇಲಕ್ಕೆ ಒಂದೊಂದು ಬಿದಿರಿನ ಕೊಳವೆ. ಕೊಳವೆಗಳೆಲ್ಲ ಮೇಲೆ ಒಂದುಗೂಡುವಲ್ಲಿ ಮರದ ಬಟ್ಟಲು, ಅದರ ತಳದಲ್ಲಿ ತಾಳಿಗೊಂದರಂತೆ ತೂತು. ಎತ್ತು ಹೂಡಿ ಒಬ್ಬರು ಹೊಡೆಯುತ್ತಾರೆ. ಬಟ್ಟಲಿಗೆ ಕೈಯಿಟ್ಟು ಬಿತ್ತುವುದು ನಮ್ಮ ಕಡೆ ಹೆಚ್ಚಾಗಿ ಹೆಂಗಸರ ಕೆಲಸ. ಕೂರಿಗೆಗೆ ಪೂಜೆಯಾಗಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆ, ಮಡಿಲಲ್ಲಿ ಬೀಜ ಕಟ್ಟಿಕೊಂಡು ನಮ್ಮತ್ತೆ ಬಟ್ಟಲಿನ ಪಕ್ಕ ಬರುತ್ತಾಳೆ. ಮುಷ್ಟಿ ತುಂಬ ಬೀಜ. ಮುಷ್ಟಿ ಬಟ್ಟಲಿನ ಮೇಲೆ ಬಗ್ಗಿದೆ, ಬೆರಳು ಬಿಚ್ಚಿಲ್ಲ. ಹೆಬ್ಬೆರಳೊಂದು ಮಾತ್ರ ತೋರುಬೆರಳಿನ ಮೇಲೆ ಜಾರುತ್ತಿದೆ. ಆ ಜಾರುವಿಕೆಯಲ್ಲಿ ಬೀಜ ಎಡೆಬಿಡದೆ, ಆದರೆ ಕಂಜೂಸಿಯಲ್ಲಿ, ಬಟ್ಟಲಿಗೆ ಇಳಿಯುತ್ತದೆ. ಮುಷ್ಟಿ ಬಟ್ಟಲ ಮೇಲೆ ಸುತ್ತುತ್ತಲೇ ಇರಬೇಕು, ಇಲ್ಲದಿದ್ದರೆ ಒಂದು ತೂತಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಒಂದು ಮುಷ್ಟಿ ಮುಗಿಯುವ ಮುಂಚೆ ಇನ್ನೊಂದು ಕೈ ಮಡಿಲಿಗೆ ಹೋಗಿ ಬಂದಿರುತ್ತದೆ. ಎತ್ತು ನಿಲ್ಲುವುದಿಲ್ಲವಲ್ಲ. ಕೊಳವೆಯೊಳಗೆ ಬೀಜ ಉರುಳುವ ಸಣ್ಣ ಸದ್ದಿದೆ, ಅದನ್ನು ಕೇಳುತ್ತಲೇ ಕೈಯ ವೇಗ ತಿದ್ದಿಕೊಳ್ಳುತ್ತಾಳೆ. ಒಂದು ಕೊಳವೆ ಕಟ್ಟಿಕೊಂಡರೆ ಆ ಸದ್ದಿನ ಒಂದೆಳೆ ನಿಂತದ್ದು ಅವಳಿಗೆ ಗೊತ್ತಾಗುತ್ತದೆ. "ನಿಲ್ಸಣ್ಣೋ" ಎಂದು ಕೂಗಿ, ಕಡ್ಡಿಯಿಂದ ಕೊಳವೆ ಕುತ್ತಿ, ಮತ್ತೆ ಶುರು. ಕಟ್ಟಿಕೊಂಡದ್ದು ತಿಳಿಯದೆ ಹೋದರೆ ಹದಿನೈದು ದಿನದ ಮೇಲೆ ಹುಟ್ಟುವ ಸಾಲುಗಳ ನಡುವೆ ಒಂದು ಬೋಳು ಸಾಲು ಊರಿಗೆಲ್ಲ ಸುದ್ದಿ ಹೇಳುತ್ತದೆ.

ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ. ಒಂದೇ ಕೊಳವೆಯದು. ಅದನ್ನು ಹಿಡಿದವರು ಅಕ್ಕಡಿ ಸಾಲಿಗೆ ತೊಗರಿಯನ್ನೋ ಅವರೆಯನ್ನೋ ಅಲಸಂದೆಯನ್ನೋ ಬಿಡುತ್ತಾ ಬರುತ್ತಾರೆ. ಈ ಕೆಲಸ ಮೊದಲು ಕಲಿಯುವ ಹುಡುಗ ಹುಡುಗಿಯರದ್ದು. ಆಮೇಲೆ ಕುಂಟೆ ಹೊಡೆದು ಮುಚ್ಚುವುದು. ಅದರ ಹಿಂದೆ ಕಾಗೆ, ಗೊರವಂಕ.

ಇಷ್ಟೆಲ್ಲ ಸೇರಿ ಬಿತ್ತು. ಕೇವಲ ಚೆಲ್ಲಿದರೆ ಅದು ಬಿತ್ತಿದ್ದಲ್ಲ, ಅದಕ್ಕೆ ಚೆಲ್ಲು ಎಂದೇ ಹೆಸರು. ಈರುಳ್ಳಿ ಬೀಜ ಚೆಲ್ಲುವುದುಂಟು. ಗುಣಿ ಮಾಡಿ ಒಂದೊಂದೇ ಇಟ್ಟರೆ ಊರು. ಹತ್ತಿ ಬೀಜ ಊರುತ್ತಾರೆ. ಸಸಿಯಾದರೆ ನೆಡು ಅಥವಾ ನಾಟಿ ಮಾಡು. ದಾಳಿಂಬೆ, ತೆಂಗು, ಅಡಿಕೆ ನೆಡುವಂಥವು. ಬಿತ್ತು ಎಂದರೆ ಸಾಲಿದೆ, ಹದವಿದೆ, ಕೂರಿಗೆಯಿದೆ, ಹಿಂದೆ ಮುಚ್ಚುವ ಕುಂಟೆಯಿದೆ ಎಂದು ಲೆಕ್ಕ. ರಾಗಿ, ಜೋಳ, ನವಣೆ, ಶೇಂಗಾ, ಕಡಲೆ ಇವು ಬಿತ್ತಿಸಿಕೊಳ್ಳುವ ಜಾತಿ. ಈಗ ಇವೆಲ್ಲವನ್ನೂ ನುಂಗಿ ನೀರು ಕುಡಿಯುವ ಒಂದು ಕ್ರಿಯಾಪದ ಬಂದು ಕೂತಿದೆ. ಹಾಕು. "ಈ ಸಲ ಏನ್ ಹಾಕಿದೀರ ಗೌಡ್ರೆ?" "ಮೆಕ್ಕೆಜೋಳ ಹಾಕಿದೀನಿ, ಅತ್ತಾಗೆ ಎರಡೆಕರೆ ಈರುಳ್ಳಿ ಹಾಕಿದೀನಿ." ಈರುಳ್ಳಿ ಹಾಕುತ್ತಾರೆ, ಬೋರ್ ಹಾಕಿಸುತ್ತಾರೆ, ಡ್ರಿಪ್ ಹಾಕಿಸುತ್ತಾರೆ, ಬೆಳೆಸಾಲಕ್ಕೆ ಅರ್ಜಿ ಹಾಕುತ್ತಾರೆ, ಬಂದ ಬೆಳೆಯ ಫೋಟೋ ಸ್ಟೇಟಸ್‌ಗೆ ಹಾಕುತ್ತಾರೆ. ಎಲ್ಲದಕ್ಕೂ ಒಂದೇ ಕೈ. ಹಾಕು ಎಂಬುದರ ಮೇಲೆ ನನಗೆ ದ್ವೇಷವೇನಿಲ್ಲ, ಆದರೆ ಅದು ಕೆಲಸದ ಗುರುತನ್ನು ಒರೆಸಿಹಾಕುತ್ತದೆ ಎಂಬುದು ನನ್ನ ತಕರಾರು. ನೋಡಿ, ತಕರಾರಿನಲ್ಲೂ ಅದೇ ಬಂತು.

ಟ್ರ್ಯಾಕ್ಟರ್ ಕೂರಿಗೆ ಬಂದ ಮೇಲೆ ಬಿತ್ತು ಎಂಬುದು ಇನ್ನೊಂದು ಮೆಟ್ಟಿಲು ಹತ್ತಿ ಬಿತ್ತಿಸು ಆಯಿತು. "ಬಿತ್ತಿದ್ಯಾ ಮಾವ?" ಎಂದರೆ "ಬಿತ್ತಿಸ್ದೆ" ಎಂಬ ಉತ್ತರ. ಬಾಡಿಗೆಯ ಟ್ರ್ಯಾಕ್ಟರು ಬಂದು ಮಧ್ಯಾಹ್ನದೊಳಗೆ ಮುಗಿಸಿ ಹೋಗುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಮಸಾರಿ ಹೊಲ ಕಾಯುವುದಿಲ್ಲ ಎಂದೆನಲ್ಲ. ಊರಿನಲ್ಲಿ ಎಲ್ಲರಿಗೂ ಒಂದೇ ದಿನ ಹದ ಬರುತ್ತದೆ, ಎತ್ತಿನ ಜೋಡಿಗಳು ಬೆರಳೆಣಿಕೆಯಷ್ಟಾಗಿವೆ. ಹದ ತಪ್ಪಿಸಿಕೊಂಡು ಸಂಪ್ರದಾಯ ಉಳಿಸಿಕೊಂಡವರ ಹೊಟ್ಟೆ ತುಂಬುವುದಿಲ್ಲ. ಆದರೂ ಮಡಿಲಲ್ಲಿ ಬೀಜ ಕಟ್ಟಿದ ಅತ್ತೆ ಆ ದಿನ ಬದುವಿನ ಮೇಲೆ ಸುಮ್ಮನೆ ಕೂತಿದ್ದು, ಡ್ರೈವರಿಗೆ ಚಹಾ ಕೊಡುವಾಗ "ಆ ಮೂಲೇಲಿ ಒಂದು ಸಾಲು ಬೀಜ ಬಿದ್ದಿಲ್ಲ ನೋಡಣ್ಣ" ಎಂದದ್ದನ್ನು ನಾನು ಕೇಳಿದ್ದೇನೆ. ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಅದು ಹೇಗೆ ತಿಳಿಯಿತೆಂದು ಡ್ರೈವರು ಕೇಳಲಿಲ್ಲ. ಹೋಗಿ ನೋಡಿದ, ನಿಜವಿತ್ತು.

ಪಕ್ಕದ ದಾರಿಯೊಂದಿದೆ, ಎರಡು ಹೆಜ್ಜೆ ಹೋಗಿ ಬರೋಣ. ಆಕಾಶವಾಣಿಯವರು ಕಾರ್ಯಕ್ರಮ 'ಬಿತ್ತರಿಸು'ತ್ತಾರೆ. ಬಿತ್ತುವುದಕ್ಕೂ ಇದಕ್ಕೂ ನಂಟಿದೆಯೆಂದು ಕೇಳಿದವರಿಗೆಲ್ಲ ಅನಿಸುತ್ತದೆ. ಇಲ್ಲ, ಬಿತ್ತರ ಎನ್ನುವುದು ಸಂಸ್ಕೃತದ ವಿಸ್ತಾರದ ತದ್ಭವ. ತಮಾಷೆಯೆಂದರೆ ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಎಂಬುದು ಮೊದಲು ಹೊಲದ ಮಾತೇ, ಕೈಬೀಸಿ ಬೀಜ ಚೆಲ್ಲುವುದಕ್ಕೆ ಇದ್ದ ಹೆಸರು. ರೇಡಿಯೋದವರು ಅದನ್ನು ಎತ್ತಿಕೊಂಡು ಹೋದರು. ಶಾಸನಗಳಲ್ಲಿ ಬರುವ ಬಿತ್ತುವಟ್ಟ ಎಂಬ ಮಾತು ಇದಕ್ಕಿಂತ ನಮಗೆ ಹತ್ತಿರದ್ದು: ಕೆರೆ ಕಟ್ಟಿಸಿದವರಿಗೆ, ಕೆರೆ ಕಾಯುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ ಅಥವಾ ಫಸಲಿನ ಪಾಲು. ನೀರು ನಿಲ್ಲಿಸಿದವನಿಗೆ ಬೆಳೆಯಲ್ಲಿ ಹಕ್ಕು.

ಇನ್ನು ಬೀಳುವಿನ ಕಡೆ ಬರುತ್ತೇನೆ. ಈ ಧಾತುವಿಗೆ ಕನ್ನಡದಲ್ಲಿ ಕೈತುಂಬ ಕೆಲಸ. ಏಟು ಬೀಳುತ್ತದೆ, ಓಟು ಬೀಳುತ್ತದೆ, ಕನಸು ಬೀಳುತ್ತದೆ, ಅಂಗಡಿಗೆ ಬೀಗ ಬೀಳುತ್ತದೆ. ಬೆಳೆಗೆ ಹುಳ ಬೀಳುತ್ತದೆ. ಈರುಳ್ಳಿ ಕಿತ್ತು ಒಟ್ಟಿದ ದಿನವೇ ದರ ಬೀಳುತ್ತದೆ. ಪರಿಹಾರದ ಹಣ ಅಕೌಂಟಿಗೆ ಬೀಳುತ್ತದೆ, ಎಂದು ಹೇಳುತ್ತಾರೆ. ಮಳೆ ಬೀಳದ ವರ್ಷ ಹೊಲವೇ ಬೀಳು ಬೀಳುತ್ತದೆ. ಈ ಕೊನೆಯದನ್ನು ಗಮನಿಸಿ: ಮೇಲಿಂದ ಬೀಳಬೇಕಾದದ್ದು ಬೀಳದಿದ್ದರೆ ಕೆಳಗಿರುವುದು ಬೀಳುತ್ತದೆ. ಒಂದೇ ಧಾತು ಎರಡು ಕಡೆಯೂ ನಿಂತು ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ನಾಲ್ಕು ವರ್ಷ ಬೀಳು ಬಿದ್ದ ಹೊಲದಲ್ಲಿ ಜಾಲಿ ಎದ್ದು, ಬದು ಕುಸಿದು, ಯಾರ ಗಡಿ ಎಲ್ಲಿಗೆಂದು ದಾಯಾದಿಗಳು ಜಗಳಕ್ಕೆ ಬೀಳುತ್ತಾರೆ.

ಬೀಳುವುದರಲ್ಲೆಲ್ಲ ನಮ್ಮ ತಾಲ್ಲೂಕಿನವರು ಎದೆಯುಬ್ಬಿಸಿ ಹೇಳುವುದು ಕೋಡಿ ಬೀಳುವುದನ್ನು. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದದ್ದು. ಮೈಸೂರಿನ ರಾಜಮಾತೆಯ ಹೆಸರು ಅದಕ್ಕೆ. 130 ಅಡಿ ತುಂಬಿದರೆ ಸುಮಾರು 30 ಟಿಎಂಸಿ ನೀರು. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಬೀಳಲೇ ಇಲ್ಲ. ನಾವು ಚಿಕ್ಕವರಿದ್ದಾಗ ಕೋಡಿ ಬಿದ್ದದ್ದನ್ನು ಕಂಡವರೆಂದರೆ ಊರಿನಲ್ಲಿ ಒಂದು ತೂಕ. "ನಮ್ಮಪ್ಪ ಕಂಡಿದ್ರಂತೆ" ಎನ್ನುವವರಿಗೂ ಅರ್ಧ ತೂಕ. ಆಗದ ಕೆಲಸಕ್ಕೆ, ಬಾರದ ಸಾಲಕ್ಕೆ, "ಮಾರಿಕಣಿವೆ ಕೋಡಿ ಬಿದ್ದಾಗ ಕೊಡ್ತೀನಿ ಬಿಡು" ಎಂದು ಹೇಳಿ ನಗುತ್ತಿದ್ದರು. 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಅದು ಬಿದ್ದೇ ಬಿತ್ತು. ನೀರು ಕೋಡಿಯ ಕಲ್ಲಿನ ಅಂಚನ್ನು ಮೊದಲು ತೆಳ್ಳಗೆ ಒದ್ದೆ ಮಾಡಿ, ಆಮೇಲೆ ಗಾಜಿನ ಹಾಳೆಯಂತೆ ಬಾಗಿ ಇಳಿಯತೊಡಗಿತು. ಬಸ್ಸು, ಟೆಂಪೋ, ಟ್ರ್ಯಾಕ್ಟರುಗಳಲ್ಲಿ ಜನ. ಮುದುಕಿಯೊಬ್ಬರು ಮೊಮ್ಮಗನ ಭುಜ ಹಿಡಿದು ನಿಂತು, "ಬಿತ್ತಲ್ಲಪ್ಪ ಕೋಡಿ!" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಹಳೆಯ ಸಾಲಗಾರರ ಗತಿ ಏನಾಯಿತೋ ತಿಳಿಯದು.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಜನವರಿಯಲ್ಲಿ ಕೋಡಿ! ಮಳೆಯೊಂದರ ಮೇಲೇ ಹೊರೆ ಹೊರಿಸಿದರೆ ತಪ್ಪಾಗುತ್ತದೆ. ಭದ್ರೆಯ ನೀರನ್ನು ಪಂಪುಗಳಿಂದ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ಇತ್ತ ಹರಿಸುತ್ತಿರುವುದೂ ಇದರಲ್ಲಿ ಸೇರಿದೆ. ಎಂದರೆ ನಮ್ಮ ಸೀಮೆಯ ನೀರಿನ ಕ್ರಿಯಾಪದವೇ ಬದಲಾಗುತ್ತಿದೆ. ಬೀಳು ಎಂಬುದರ ಪಕ್ಕದಲ್ಲಿ ಎತ್ತು ಬಂದು ನಿಂತಿದೆ. ಬೀಳುವ ನೀರಿಗೆ ಮೋಡವನ್ನು ನೋಡಬೇಕು. ಎತ್ತುವ ನೀರಿಗೆ ವಿಧಾನಸೌಧವನ್ನು ನೋಡಬೇಕು, ಕರೆಂಟು ನೋಡಬೇಕು, ಮೇಲಿನ ಜಿಲ್ಲೆಯವರ ಮುಖ ನೋಡಬೇಕು. ಅಚ್ಚುಕಟ್ಟಿನವರಿಗೆ ನೀರು ಸಿಕ್ಕಿದ್ದು ನನಗೆ ಸಂತೋಷವೇ. ನಾಲೆ ಮುಟ್ಟದ ಮೇಲ್ಭಾಗದ ಹೊಲಗಳಲ್ಲಿ ಮಾತ್ರ ಹಳೆಯ ವ್ಯಾಕರಣವೇ ನಡೆಯುತ್ತಿದೆ.

ಆ ಮುದುಕಿ 'ಕೋಡಿ ಬಿತ್ತಲ್ಲಪ್ಪ' ಎನ್ನದೆ 'ಬಿತ್ತಲ್ಲಪ್ಪ ಕೋಡಿ' ಎಂದದ್ದು ನನಗೆ ಬಹಳ ದಿನ ಕಿವಿಯಲ್ಲಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಕೂರಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಖುಷಿ ಹೆಚ್ಚಾದಾಗ ಅದು ಮುಂದಕ್ಕೆ ಓಡಿಬರುತ್ತದೆ, ಕರ್ತೃ ಹಿಂದೆ ಉಳಿಯುತ್ತದೆ. ನಮಗೆ ಸಂತೋಷದಲ್ಲಿ, ಗಾಬರಿಯಲ್ಲಿ ಮಾತ್ರ ಆಗುವ ಇದನ್ನು ದಿನನಿತ್ಯದ ನಿಯಮ ಮಾಡಿಕೊಂಡವರೂ ಇದ್ದಾರೆ. ಕೆರಿಬಿಯನ್ ಎಂದರೆ ನಮಗೆ ಕ್ರಿಕೆಟ್ಟಷ್ಟೇ ನೆನಪು. ಆ ಸಮುದ್ರಕ್ಕೆ ಹೆಸರು ಕೊಟ್ಟದ್ದು ಕರೀಬ್ ಜನ. ಅವರ ಭಾಷಾಕುಟುಂಬ ವೆನೆಜುವೆಲಾ, ಗಯಾನಾ, ಸುರಿನಾಮ್, ಬ್ರೆಜಿಲ್‌ಗಳಲ್ಲಿ ಹರಡಿದೆ. ಅದರಲ್ಲೊಂದು, ಬ್ರೆಜಿಲ್‌ನ ಅಮೆಜಾನ್ ಸೀಮೆಯ ಹಿಷ್ಕರ್ಯಾನ, ಕೆಲವು ನೂರು ಜನರ ನುಡಿ. ಅಲ್ಲಿ ಕರ್ಮ ಮೊದಲು, ಕ್ರಿಯಾಪದ ನಡುವೆ, ಕರ್ತೃ ಕಟ್ಟಕಡೆಗೆ. 'ತೋತೋ ಯಹೋಸಿಯೆ ಕಮರಾ', ಎಂದರೆ 'ಮನುಷ್ಯನನ್ನು ಹಿಡಿಯಿತು ಜಾಗ್ವಾರ್'. ಇಂಥ ಅನುಕ್ರಮವೇ ಸಹಜವಾಗಿರುವ ಭಾಷೆ ಇರಲಾರದೆಂದು ವಿದ್ವಾಂಸರು ನಂಬಿದ್ದಾಗ, ಡೆಸ್ಮಂಡ್ ಡರ್ಬಿಷೈರ್ ಎಂಬಾತ 1977ರಲ್ಲಿ ಇದನ್ನು ಪಂಡಿತಲೋಕದ ಮುಂದಿಟ್ಟ. ಆ ಕುಟುಂಬದ ಕ್ರಿಯಾಪದಗಳ ಹುಟ್ಟು ಹುಡುಕುವವರಿಗೆ ಶಾಸನವಿಲ್ಲ, ತಾಳೆಗರಿಯಿಲ್ಲ. ದಾಯಾದಿ ಭಾಷೆಗಳನ್ನು ಅಕ್ಕಪಕ್ಕ ಕೂರಿಸಿ ಕೇಳಬೇಕು. ನಮ್ಮ ಬೀೞ್‌ಗಿಂತ ಹಿಂದಕ್ಕೆ ಹೋಗಬೇಕಾದರೆ ನಮಗೂ ಅದೇ ದಾರಿ. ಬರೋ ಮತ್ತು ಎಮೆನೋ 1961ರಲ್ಲಿ ದ್ರಾವಿಡ ನಿಷ್ಪತ್ತಿ ಕೋಶ ಕಟ್ಟಿದ್ದು ಹೀಗೆಯೇ, ನೀಲಗಿರಿಯ ತೋಡರನ್ನೂ ಕೊಡಗಿನವರನ್ನೂ ಕೇಳಿಕೊಂಡು.

ಅಷ್ಟು ದೊಡ್ಡ ಕೋಶ ಕಟ್ಟುವುದು ನಮ್ಮಿಂದಾಗದು. ಒಂದು ಪುಟದ ನೋಟುಪುಸ್ತಕ ಆಗುತ್ತದೆ. ನಿಮ್ಮೂರಿನಲ್ಲಿ ಮಳೆ ಏನು ಮಾಡುತ್ತದೆ, ಬೀಜವನ್ನು ಏನು ಮಾಡುತ್ತಾರೆ, ಬೆದೆ ಎಂಬ ಮಾತು ಇನ್ನೂ ಹೊಲದಲ್ಲಿದೆಯೋ ಹಟ್ಟಿಗೆ ಸೀಮಿತವಾಗಿದೆಯೋ, ಕೂರಿಗೆ ಹಿಡಿದ ಕೈಗಳು ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಿ. ಬರೆದು ನನಗೂ ಒಂದು ಕಾಗದ ಹಾಕಿ. ಹೊಯ್ತು ಎಂದು ಬರೆಯುವಾಗ ಮಾತ್ರ ದಯವಿಟ್ಟು ದೀರ್ಘ ಕೊಡಬೇಡಿ. ನಮ್ಮ ಕಡೆ ಅಷ್ಟಕ್ಕೇ ಮಳೆ ಹೋಗಿಬಿಡುತ್ತದೆ.